ಕೂಟದವರು ಹೇಳಿದ್ದು

ಶ್ರೀಮಂಗಲ
೪ ಏಪ್ರಿಲ್ ೧೯೫೪

ಪೂಜ್ಯ ಅತ್ತಿಗೆಯವರಿಗೆ ಮನೋರಮಾಳ ನಮಸ್ಕಾರಗಳು.

ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮ ತಮ್ಮನಿಗೆ ಡಿಸ್ಪೆನ್ಸರಿಯಲ್ಲಿ ಕೈತುಂಬ ಕೆಲಸ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ನನಗೆ ಮಧ್ಯಾಹ್ನಗಳನ್ನು ಕಳೆಯುವುದೇ ಕಷ್ಟವಾಗಿತ್ತು. ನೀವು ಹೊಸ ಕ್ಯಾಮೆರಾ ಕೊಂಡು ಹಳೆಯ ಡಬ್ಬಿ ಕ್ಯಾಮೆರಾವನ್ನು ನನಗೆ ಕೊಟ್ಟಿರಲ್ಲ, ಅದು ನನ್ನನ್ನು ಉಳಿಸಿತು.

ಹೂಮಳೆ ಬಿದ್ದ ಮೇಲೆ ಕಾಫಿ ತೋಟವೆಲ್ಲ ಬೆಳ್ಳಗಾಯಿತು. ಆ ವಾಸನೆಗೆ ತಲೆ ತಿರುಗುತ್ತದೆ. ಒಂದು ಇಡೀ ರೋಲು ತೆಗೆದೆ. ತೊಳೆಸಿ ನೋಡಿದರೆ ಯಾರೋ ಮೊಸರು ಚೆಲ್ಲಿದ ಹಾಗಿದೆ. ಯಾವುದು ಹೂ, ಯಾವುದು ಆಕಾಶ ಎಂದು ನನಗೇ ತಿಳಿಯುತ್ತಿಲ್ಲ.

ನೀವು ಏಳೆಂಟು ಜನ ತಿಂಗಳಿಗೊಂದು ಭಾನುವಾರ ಶಕುಂತಲಮ್ಮನವರ ಮನೆಯಲ್ಲಿ ಸೇರಿ, ಒಬ್ಬರು ತೆಗೆದ ಹೂವಿನ ಚಿತ್ರವನ್ನು ಇನ್ನೊಬ್ಬರು ನೋಡಿ ತಪ್ಪು ಒಪ್ಪು ಹೇಳುತ್ತೀರಿ ಎಂದಿದ್ದಿರಿ. ನನಗೆ ಅಲ್ಲಿಗೆ ಬರಲಾಗದು. ಬೆಳಗಿನ ಬಸ್ಸಿಗೆ ಹೊರಟರೂ ಅದೇ ದಿನ ಹಿಂದಿರುಗುವುದು ಕಷ್ಟ. ಈ ಚಿತ್ರಗಳನ್ನು ಕೂಟದವರ ಮುಂದೆ ಇಟ್ಟು, ಅವರು ಏನೆಂದರು ಎಂದು ಬರೆಯುವಿರಾ? ನನಗೆ ಬೇಜಾರಾದೀತು ಎಂದು ಮೆತ್ತಗೆ ಮಾಡಬೇಡಿ. ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ.

ಭಾವನವರಿಗೆ ನಮಸ್ಕಾರ ತಿಳಿಸಿ.

ನಿಮ್ಮ
ಮನೋರಮಾ


ಮಡಿಕೇರಿ
೨೦ ಏಪ್ರಿಲ್ ೧೯೫೪

ಚಿ. ಸೌ. ಮನೋರಮಾಳಿಗೆ ವೇದಾವತಿಯ ಆಶೀರ್ವಾದಗಳು.

ನಿನ್ನ ಕಾಗದ ಓದಿ ನಮ್ಮವರಿಗೂ ಓದಿ ಹೇಳಿದೆ. ‘ರಾಮುವಿನ ಹೆಂಡತಿ ಚುರುಕಾಗಿದ್ದಾಳೆ’ ಎಂದು ನಕ್ಕರು.

ಚಿತ್ರಗಳನ್ನು ಕೂಟಕ್ಕೆ ಒಯ್ದೆ. ಎಲ್ಲರೂ ನಕ್ಕರು. ನಿನ್ನನ್ನು ನೋಡಿ ಅಲ್ಲ, ನಾವೆಲ್ಲ ಹೀಗೇ ಶುರು ಮಾಡಿದವರು. ಪೂವಯ್ಯನವರು ನಮ್ಮಲ್ಲಿ ಹಿರಿಯರು, ಫಾರೆಸ್ಟ್ ರೇಂಜರ್ ಆಗಿದ್ದು ಈಗ ಪೆನ್ಷನ್ ಪಡೆಯುತ್ತಿದ್ದಾರೆ. ಅವರು ಹೇಳಿದ್ದು: ‘ಡಬ್ಬಿ ಕ್ಯಾಮೆರಾಕ್ಕೂ ನನ್ನ ಹಾಗೆ ಚಾಳೀಸು. ಹತ್ತಿರದ್ದು ಕಾಣೋದಿಲ್ಲ. ಮುಂದೆ ಒಂದು ಭೂತಗನ್ನಡಿ ಹಿಡೀಲಿ.’ ಶಕುಂತಲಮ್ಮ ನಾನು ಕೆಲಸ ಮಾಡುವ ಶಾಲೆಯ ಹೆಡ್ ಮಿಸ್ಟ್ರೆಸ್ ಆಗಿದ್ದವರು, ಈಗಲೂ ಪಾಠ ಹೇಳಿದ ಹಾಗೇ ಮಾತಾಡುತ್ತಾರೆ. ಬಿಳಿ ಹೂವನ್ನು ನಡುಮಧ್ಯಾಹ್ನ ತೆಗೆಯಬಾರದಂತೆ, ಬಿಸಿಲು ಏರುವ ಮುಂಚೆ ಮುಗಿಸಬೇಕಂತೆ. ನನ್ನದೂ ಒಂದು ಮಾತು ಸೇರಿಸುತ್ತೇನೆ. ತೋಟವನ್ನೆಲ್ಲ ತುಂಬಿಸಲು ಹೋಗಬೇಡ, ಒಂದು ಗೊಂಚಲು ಸಾಕು.

ರೋಲುಗಳನ್ನು ನನಗೇ ಕಳಿಸು. ಇಲ್ಲಿಯ ಸ್ಟುಡಿಯೋದಲ್ಲಿ ತೊಳೆಸಿ, ಕೂಟಕ್ಕೆ ತೋರಿಸಿ, ಪ್ರತಿಗಳನ್ನು ನಿನಗೆ ಕಳಿಸುತ್ತೇನೆ. ಈ ಸಲ ನನ್ನ ಗುಲಾಬಿಯ ಚಿತ್ರವನ್ನು ಎಲ್ಲರೂ ಬಹಳ ಮೆಚ್ಚಿದರು. ದೊಡ್ಡದು ಮಾಡಿಸಿ ಹಜಾರದಲ್ಲಿ ಹಾಕಿದ್ದೇವೆ.

ವೇದಾವತಿ


ಶ್ರೀಮಂಗಲ
೬ ಜೂನ್ ೧೯೫೪

ಪೂಜ್ಯ ಅತ್ತಿಗೆಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ. ಒಂದೊಂದು ಮಾತನ್ನೂ ಮಾಡಿ ನೋಡಿದ್ದೇನೆ.

ನಿಮ್ಮ ತಮ್ಮ ರೋಗಿಗಳ ಕೈಕಾಲಿನ ಮುಳ್ಳು ನೋಡಲು ಇಟ್ಟುಕೊಂಡಿದ್ದ ಭೂತಗನ್ನಡಿಯನ್ನು ಕದ್ದು, ಅವರದೇ ಪ್ಲಾಸ್ಟರಿನಿಂದ ಕ್ಯಾಮೆರಾದ ಮುಂದೆ ಅಂಟಿಸಿದೆ. ಎಷ್ಟು ದೂರದಲ್ಲಿ ಹಿಡಿದರೆ ಹೂ ನಿಚ್ಚಳವಾಗುತ್ತದೆ ಎಂದು ತಿಳಿಯಲು ಒಂದು ರೋಲು ಹಾಳಾಯಿತು. ಈಗ ಅಷ್ಟೇ ಉದ್ದದ ದಾರವನ್ನು ಕ್ಯಾಮೆರಾಕ್ಕೆ ಕಟ್ಟಿದ್ದೇನೆ. ದಾರ ಹೂವಿಗೆ ತಾಗಿದರೆ ಸರಿ.

ಡಿಸ್ಪೆನ್ಸರಿಯ ಹಿಂದಿನ ಹಲಸಿನ ಮರದಲ್ಲಿ ಸೀತಾಳೆ ಹೂ ಬಿಟ್ಟಿತ್ತು. ನರಿಯ ಬಾಲದ ಹಾಗೆ ಇಳಿಬಿದ್ದಿತ್ತು. ಬೆಂಚಿನ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ನಾನು. ಇವರು ಸ್ಟೂಲಿನ ಕಾಲು ಹಿಡಿದುಕೊಂಡು, ‘ಬಿದ್ದರೆ ಕಟ್ಟು ಹಾಕುವವನು ನಾನೇ, ಬೇಗ ಮುಗಿಸು’ ಎನ್ನುತ್ತಿದ್ದರು. ಬೆಳಗಿನ ಬೆಳಕಿನಲ್ಲೇ ತೆಗೆದೆ. ರೋಲು ಕಳಿಸಿದ್ದೇನೆ. ಕೂಟದವರು ಏನೆನ್ನುತ್ತಾರೆ ಎಂದು ಕಾಯುತ್ತಿದ್ದೇನೆ.

ನಿಮ್ಮ
ಮನೋರಮಾ


ಮಡಿಕೇರಿ
೩೦ ಜೂನ್ ೧೯೫೪

ಚಿ. ಸೌ. ಮನೋರಮಾಳಿಗೆ ಆಶೀರ್ವಾದ.

ನಿನ್ನ ಸೀತಾಳೆಯನ್ನೂ ನನ್ನ ಡೇಲಿಯಾವನ್ನೂ ಒಟ್ಟಿಗೇ ಒಯ್ದಿದ್ದೆ. ನಿನ್ನ ಚಿತ್ರ ಕೈಯಿಂದ ಕೈಗೆ ದಾಟಿ ಬರುವಷ್ಟರಲ್ಲಿ ಕಾಫಿ ಆರಿಹೋಯಿತು. ನನ್ನದು ಕೈಗೆ ಸಿಕ್ಕುವ ಹೊತ್ತಿಗೆ ಮಳೆ ಜೋರಾಗಿ ಎಲ್ಲರಿಗೂ ಮನೆ ಸೇರುವ ಆತುರ. ಹಾಗಾಗಿ ಹೆಚ್ಚು ಮಾತೇನೂ ಆಗಲಿಲ್ಲ.

ತಪ್ಪುಗಳನ್ನು ಬರೆಯುತ್ತೇನೆ. ಗೊಂಚಲಿನ ತುದಿ ಕತ್ತರಿಸಿದೆ. ಹೂವಿಗಿಂತ ಹಲಸಿನ ತೊಗಟೆಯೇ ಹೆಚ್ಚು ನಿಚ್ಚಳವಾಗಿದೆ. ಗಾಳಿಗೆ ಕೆಳಗಿನ ಹೂಗಳು ಅಲುಗಾಡಿವೆ. ಪೂವಯ್ಯನವರು ನಿನಗೆ ಏನೋ ಹೇಳಿ ಎಂದರು, ಮರೆತೆ. ಮುಖ್ಯವಾದದ್ದಿರಲಾರದು. ನೀನು ಯಾರ ಹತ್ತಿರ ಕಲಿತೆ ಎಂದು ಶಕುಂತಲಮ್ಮ ಕೇಳಿದರು. ನನ್ನ ಹತ್ತಿರ ಎಂದೆ.

ಇಲ್ಲಿ ಬಟ್ಟೆ ಒಣಗುತ್ತಿಲ್ಲ. ರಾಮುವಿಗೆ ಸ್ವೆಟರ್ ಹಾಕಿಕೊಳ್ಳಲು ಹೇಳು.

ವೇದಾವತಿ


ಶ್ರೀಮಂಗಲ
೫ ಸೆಪ್ಟೆಂಬರ್ ೧೯೫೪

ಪೂಜ್ಯ ಅತ್ತಿಗೆಯವರಿಗೆ ನಮಸ್ಕಾರಗಳು.

ಇಷ್ಟು ದಿನ ಬರೆಯಲಿಲ್ಲ, ಕ್ಷಮಿಸಿ. ಜಡಿಮಳೆಯ ಆಟಿ ತಿಂಗಳಿಡೀ ಕ್ಯಾಮೆರಾದ ಚರ್ಮಕ್ಕೆ ಬೂಸಲು ಹಿಡಿಯುತ್ತಿತ್ತು. ಒರೆಸುವುದು, ಒಲೆಯ ಪಕ್ಕ ಇಡುವುದು, ಅದೇ ಕೆಲಸ. ಸೀತಾಳೆ ಅವರಿಗೆ ಹಿಡಿಸಲಿಲ್ಲವೆಂದು ತಿಳಿದು ಮನಸ್ಸೂ ಮುದುಡಿತ್ತು. ನನ್ನ ಕಣ್ಣಿಗೆ ಅದು ಚೆನ್ನಾಗಿ ಕಂಡಿತ್ತು. ಅದೇ ನನಗೆ ಹೆದರಿಕೆ. ಕೆಟ್ಟದ್ದು ನನಗೆ ಚೆನ್ನಾಗಿ ಕಾಣುವುದಾದರೆ ನಾನು ಸುಧಾರಿಸುವುದು ಹೇಗೆ?

ನಿಮ್ಮನ್ನು ನೆನೆದರೆ ಹೊಟ್ಟೆಕಿಚ್ಚಾಗುತ್ತದೆ, ಬೈಯಬೇಡಿ. ನಿಮಗೆ ನಾಲ್ಕು ಜನ ನೋಡುವವರಿದ್ದಾರೆ, ವಾದ ಮಾಡುವವರಿದ್ದಾರೆ. ಇಲ್ಲಿ ನನ್ನ ಚಿತ್ರ ನೋಡುವವಳು ಡಿಸ್ಪೆನ್ಸರಿ ಗುಡಿಸುವ ಹುಚ್ಚಮ್ಮ ಒಬ್ಬಳೇ. ‘ಹೂವೇ ಗಿಡದಲ್ಲೈತಲ್ಲವ್ವಾ, ಕಾಗದದ ಮ್ಯಾಲೆ ಯಾಕೆ?’ ಎನ್ನುತ್ತಾಳೆ.

ಮೊನ್ನೆ ಕೈಲ್‌ಪೋದ್ ಹಬ್ಬ. ಇಲ್ಲಿಯ ಕೊಡವರ ಮನೆಗಳಲ್ಲಿ ಬಂದೂಕಿಗೆ ಕೆಂಪು ಹೂ ಮುಡಿಸಿ ಪೂಜೆ ಮಾಡಿದರು. ನಾವು ಗೌರಿ ಹೂ ಎನ್ನುವುದನ್ನು ಇವರು ತೋಕ್ ಪೂ ಎನ್ನುತ್ತಾರೆ. ಬೇಲಿಯ ಮೇಲೆ ಹಬ್ಬಿದ್ದನ್ನು ತೆಗೆದಿದ್ದೇನೆ. ಕೂಟದಲ್ಲಿ ತೋರಿಸಿ.

ನಿಮ್ಮ
ಮನೋರಮಾ


ಮಡಿಕೇರಿ
೨೨ ಸೆಪ್ಟೆಂಬರ್ ೧೯೫೪

ಚಿ. ಸೌ. ಮನೋರಮಾಳಿಗೆ.

ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ ಎಂದು ನೀನೇ ಕೇಳಿದ್ದೆ. ಬರೆಯುತ್ತೇನೆ.

ನಿನ್ನ ತೋಕ್ ಪೂ ಬೂದಿಯ ಹಾಗಿದೆ. ಕೆಂಪೂ ಹಸಿರೂ ನಮ್ಮ ಕಣ್ಣಿಗೆ ಬೇರೆ, ಫಿಲಂಗೆ ಎರಡೂ ಒಂದೇ ಬಣ್ಣ. ಹಿಂದಿನ ಎಲೆಗಳಲ್ಲಿ ಹೂ ಮುಳುಗಿಹೋಗಿದೆ. ಇದು ತಿಳಿಯದೆ ರೋಲು ಸುಡುತ್ತಿದ್ದರೆ ರಾಮುವಿನ ಸಂಬಳ ಸಾಲದು. ನೋಡುವ ಕಣ್ಣು ಕೆಲವರಿಗೆ ಹುಟ್ಟಿನಿಂದ ಬರುತ್ತದೆ, ಕೆಲವರಿಗೆ ಎಷ್ಟು ಹೇಳಿದರೂ ಬರುವುದಿಲ್ಲ ಎಂದರು. ಯಾರು ಎಂದು ಕೇಳಬೇಡ.

ಸ್ವಲ್ಪ ದಿನ ಹೂವನ್ನು ಬಿಟ್ಟು ಮನೆಯವರ ಚಿತ್ರ ತೆಗೆ. ಅದರಿಂದ ನಾಲ್ಕು ಜನಕ್ಕೆ ಸಂತೋಷವಾದರೂ ಆಗುತ್ತದೆ.

ಜನವರಿಯಲ್ಲಿ ಇಲ್ಲಿ ಹೂವಿನ ಪ್ರದರ್ಶನ ಇದೆ. ನಮ್ಮ ಕೂಟಕ್ಕೆ ಒಂದು ಗೋಡೆ ಕೊಡುತ್ತಾರಂತೆ. ನಿನ್ನದನ್ನೂ ಸೇರಿಸೋಣ ಎಂದು ನಾನೇ ಕೇಳಿದೆ. ಕೂಟಕ್ಕೆ ಬರುವವರದು ಮಾತ್ರ ಎಂದುಬಿಟ್ಟರು.

ಹೊಟ್ಟೆಕಿಚ್ಚು ಎಂದು ಬರೆದಿದ್ದೀಯೆ. ಹೊಸಬಳಾದ ನಿನಗೆ ಅದು ಶೋಭಿಸುವುದಿಲ್ಲ.

ವೇದಾವತಿ


ಶ್ರೀಮಂಗಲ
೧೭ ಅಕ್ಟೋಬರ್ ೧೯೫೪

ಪೂಜ್ಯ ಅತ್ತಿಗೆಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಓದಿ ಅತ್ತೆ. ಇವರು ‘ಬಿಟ್ಟುಬಿಡು, ಯಾರೋ ಮಡಿಕೇರಿಯವರು ಏನೋ ಅಂದರು ಅಂತ’ ಎಂದರು. ಕ್ಯಾಮೆರಾವನ್ನು ಬಟ್ಟೆ ಸುತ್ತಿ ಪೆಟ್ಟಿಗೆಯೊಳಗೆ ಇಟ್ಟೆ.

ಆಮೇಲೆ ಚಿತ್ರವನ್ನೂ ಕಾಗದವನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಬೂದಿ ಎಂದದ್ದು ಸುಳ್ಳಲ್ಲ. ಯಾರು ಹೇಳಿದ್ದರೂ ಅವರಿಗೆ ಕಾಣಿಸಿದೆ, ನನಗೆ ಕಾಣಿಸಿರಲಿಲ್ಲ. ಹಾಗಾದರೆ ಹಿಂದೆ ಎಲೆ ಇಲ್ಲದಿದ್ದರೆ ಹೇಗೆ ಎಂದು ಯೋಚಿಸಿದೆ. ಹಿಂದೆ ಕಪ್ಪು ಇದ್ದರೆ ಎಸಳಿನ ಹಳದಿ ಅಂಚು ಬೆಳ್ಳಗೆ ಎದ್ದು ಬರಬೇಕಲ್ಲ.

ಬೇಲಿಯಲ್ಲಿ ಇನ್ನು ಒಂದೇ ಹೂ ಉಳಿದಿತ್ತು. ಇವರು ತಮ್ಮ ಕಪ್ಪು ಕೊಡೆಯನ್ನು ಬಿಚ್ಚಿ ಅದರ ಹಿಂದೆ ಹಿಡಿದು ನಿಂತರು. ದಾರಿಯಲ್ಲಿ ಹೋಗುವವರೆಲ್ಲ, ‘ಡಾಕ್ಟ್ರೆ, ಮಳೆ ಎಲ್ಲಿದೆ?’ ಎಂದು ಕೇಳಿಕೊಂಡು ಹೋದರು. ಪಕ್ಕದಿಂದ ಎಳೆಬಿಸಿಲು ಬಿತ್ತು. ಒತ್ತಬೇಕು ಎನ್ನುವಾಗ ತೊಟ್ಟಿನ ಮೇಲೆ ಒಂದು ಇರುವೆ ಹತ್ತಿ ಬಂತು. ಊದೋಣ ಎಂದರೆ ಹೂ ಅಲುಗುತ್ತದೆ. ಇರುವೆಯೂ ಇರಲಿ ಎಂದು ತೆಗೆದೆ.

ಈ ವರ್ಷದ ಕೊನೆಯ ಹೂ ಇದು. ರೋಲನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದೇನೆ. ಇದನ್ನೂ ಬೂದಿ ಎಂದರೆ ಕ್ಯಾಮೆರಾವನ್ನು ನಿಮಗೇ ಹಿಂದಿರುಗಿಸುತ್ತೇನೆ.

ನಿಮ್ಮ
ಮನೋರಮಾ


ಶ್ರೀಮಂಗಲ
೨೮ ನವೆಂಬರ್ ೧೯೫೪

ಪೂಜ್ಯ ಅತ್ತಿಗೆಯವರಿಗೆ.

ರೋಲು ತಲುಪಿತೆ? ಕಂಡಕ್ಟರನ್ನು ಕೇಳಿದರೆ ನಿಮ್ಮ ಕೈಗೇ ಕೊಟ್ಟೆ ಎನ್ನುತ್ತಾನೆ. ಚೆನ್ನಾಗಿಲ್ಲದಿದ್ದರೆ ಹಾಗೆಂದೇ ಬರೆಯಿರಿ. ಏನೂ ತಿಳಿಯದೆ ಇರುವುದು ಅದಕ್ಕಿಂತ ಕಷ್ಟ.

ಮನೋರಮಾ


ಮಡಿಕೇರಿ
೯ ಡಿಸೆಂಬರ್ ೧೯೫೪

ಚಿ. ಸೌ. ಮನೋರಮಾಳಿಗೆ.

ಶಾಲೆಯ ಪರೀಕ್ಷೆಯಿಂದಾಗಿ ಬರೆಯಲಾಗಲಿಲ್ಲ. ರೋಲಿಗೆ ಬೆಳಕು ತಗುಲಿ ಪೂರ್ತಿ ಹಾಳಾಗಿದೆ. ಒಂದೂ ಬರಲಿಲ್ಲ. ಬಿಚ್ಚುವಾಗ ಸುರುಳಿ ಸಡಿಲಾಗಿರಬೇಕು. ಇಂಥದ್ದು ಆಗುತ್ತಲೇ ಇರುತ್ತದೆ, ಬೇಸರ ಮಾಡಿಕೊಳ್ಳಬೇಡ. ಕ್ಯಾಮೆರಾ ನಿನ್ನ ಬಳಿಯೇ ಇರಲಿ.

ವೇದಾವತಿ


ಶ್ರೀಮಂಗಲ
೨೦ ಫೆಬ್ರವರಿ ೧೯೫೫

ಅತ್ತಿಗೆ,

ಮೊನ್ನೆ ಗುರುವಾರ ಇರ್ಪು ಜಲಪಾತದ ಕಡೆ ಹೊರಟಿದ್ದ ಹಿರಿಯರೊಬ್ಬರು ಕಾಲಿಗೆ ಮುಳ್ಳು ಮುರಿದುಕೊಂಡು ಡಿಸ್ಪೆನ್ಸರಿಗೆ ಬಂದರು. ಹೆಗಲಲ್ಲಿ ಕ್ಯಾಮೆರಾ ಇತ್ತು. ಹೆಸರು ಕೇಳಿದರೆ ಪೂವಯ್ಯ ಎಂದರು. ನಾನು ಓಡಿಹೋಗಿ ಕಾಫಿ ಮಾಡಿ ತಂದೆ. ಇವರು ಅವರ ಕಾಲನ್ನು ಮೊಣಕಾಲ ಮೇಲಿಟ್ಟುಕೊಂಡು ಮುಳ್ಳು ಹುಡುಕುತ್ತಿದ್ದರು.

‘ನೀವು ವೇದಾವತಿಯಮ್ಮನ ತಮ್ಮನ ಹೆಂಡತಿ ಅಲ್ವಾ?’ ಎಂದರು. ‘ಫೋಟೋ ತೆಗೆಯೋದು ಬಿಟ್ಟೇಬಿಟ್ರಂತೆ?’

‘ಯಾರು ಹೇಳಿದರು?’ ಎಂದೆ.

‘ನಿಮ್ಮ ಅತ್ತಿಗೆಯೇ. ಮನೆಕೆಲಸದಲ್ಲಿ ಪುರುಸೊತ್ತಿಲ್ಲ ಅಂದ್ರು. ನಿಮ್ಮ ಸೀತಾಳೆ ನೋಡಿ ನಾನು ಹೇಳಿ ಕಳಿಸಿದ್ದೆ, ಅದರ ಫಿಲಂ ಕೊಟ್ರೆ ನಾನೇ ದೊಡ್ಡದು ಮಾಡಿ ಕೊಡ್ತೇನೆ ಅಂತ. ಉತ್ತರ ಬರ್ಲಿಲ್ಲ. ನನ್ನ ಸರ್ವಿಸ್ ಪೂರಾ ಕಾಡಲ್ಲೇ ಕಳೆದದ್ದು ಅಮ್ಮಾ, ಆ ಹೂವನ್ನ ಹಾಗೆ ನೋಡಿರ್ಲಿಲ್ಲ.’

ಕಾಫಿ ಲೋಟವನ್ನು ಅವರ ಕೈಗೆ ಕೊಟ್ಟೆ. ಅವರೇ ಮುಂದುವರಿಸಿದರು.

‘ಹೋಗ್ಲಿ, ನಿಮ್ಮ ಅತ್ತಿಗೆ ಸಾಧಿಸಿದ್ರಲ್ಲ. ಪ್ರದರ್ಶನದಲ್ಲಿ ಅವರ ತೋಕ್ ಪೂಗೇ ಮೊದಲನೇ ಬಹುಮಾನ. ಹಿಂದೆ ಪೂರಾ ಕಪ್ಪು. ಎಸಳಿನ ಅಂಚು ಮಾತ್ರ ಉರೀತಾ ಇದೆ. ತೊಟ್ಟಿನ ಮೇಲೆ ಒಂದು ಇರುವೆ ಬೇರೆ. ಅದನ್ನ ಹೇಗೆ ಹಿಡಿದ್ರೋ.’

ಇವರ ಕೈ ನಿಂತಿತು. ಆ ಹೂವಿನ ಹಿಂದೆ ಕೊಡೆ ಹಿಡಿದು ನಿಂತವರು ಇವರೇ ಅಲ್ಲವೆ? ತಲೆಯೆತ್ತಿ ನನ್ನನ್ನು ನೋಡಿ ಬಾಯಿ ತೆರೆದರು. ನಾನು ಬೇಡ ಎಂದು ಕಣ್ಣಲ್ಲೇ ತಡೆದೆ.

‘ಏನು ಡಾಕ್ಟ್ರೆ, ಮುಳ್ಳು ಇನ್ನೂ ಒಳಗಿದೆಯಾ?’ ಎಂದರು ಪೂವಯ್ಯನವರು.

‘ಇದೆ’ ಎಂದರು ಇವರು.

ಅವರು ಹೋದ ಮೇಲೆ ಇವರು ಊಟಕ್ಕೆ ಕೂರಲಿಲ್ಲ. ಮಡಿಕೇರಿಗೆ ಹೋಗಿ ಕೇಳಿಯೇ ಬರುತ್ತೇನೆ ಎಂದರು. ನಾನೇ ನಿಲ್ಲಿಸಿದ್ದೇನೆ. ನಿಮ್ಮ ಮೇಲಿನ ಕರುಣೆಯಿಂದ ಅಲ್ಲ. ಇದು ನನ್ನ ಚಿತ್ರ, ನಾನೇ ಕೇಳಬೇಕು.

ಬಹುಮಾನ ಹಾಗಿರಲಿ. ರೋಲಿಗೆ ಬೆಳಕು ತಗುಲಿತು ಎಂದು ಬರೆದಿರಿ. ಆವತ್ತಿನಿಂದ ನನ್ನ ಈ ಕೈಗಳನ್ನೇ ಬೈದುಕೊಂಡೆ. ಕತ್ತಲ ಕೋಣೆಯಲ್ಲಿ ಕಂಬಳಿ ಹೊದ್ದುಕೊಂಡು ಖಾಲಿ ಸುರುಳಿ ಸುತ್ತುವುದನ್ನು ಅಭ್ಯಾಸ ಮಾಡಿದೆ. ಕಣ್ಣೇ ಇಲ್ಲದವಳು ಎಂದಿರಿ. ಅದನ್ನೂ ನಂಬಿದೆ. ನಿಮಗೆ ನಾನು ಏನು ಮಾಡಿದ್ದೆ?

ಮನೋರಮಾ


ಮಡಿಕೇರಿ
೩ ಮಾರ್ಚ್ ೧೯೫೫

ಮನೋರಮಾ,

ರಾಮುವಿಗೆ ಗೊತ್ತು ಎಂದು ಓದಿದ ಮೇಲೆ ಮುಂದೆ ಓದಲು ಸ್ವಲ್ಪ ಹೊತ್ತು ಹಿಡಿಯಿತು. ಅವನನ್ನು ಎತ್ತಿ ಆಡಿಸಿದವಳು ನಾನು.

ನಡೆದದ್ದನ್ನು ಬರೆಯುತ್ತೇನೆ. ರೋಲು ತೊಳೆಸಿಕೊಂಡು ನೇರವಾಗಿ ಕೂಟಕ್ಕೆ ಹೋಗಿದ್ದೆ. ನನ್ನ ಲಕೋಟೆಯಲ್ಲಿ ನಿನ್ನದೂ ನನ್ನದೂ ಒಟ್ಟಿಗೆ ಇದ್ದವು. ಪೂವಯ್ಯನವರು ನಿನ್ನ ತೋಕ್ ಪೂವನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋದರು. ‘ವೇದಾವತಿಯಮ್ಮ, ಇಷ್ಟು ದಿನ ಇದನ್ನ ಎಲ್ಲಿ ಬಚ್ಚಿಟ್ಟಿದ್ರಿ?’ ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಹೌದು ಎನ್ನಲಿಲ್ಲ ನಾನು. ಅಲ್ಲ ಎನ್ನಲೂ ಇಲ್ಲ. ಆ ಕೂಟದಲ್ಲಿ ಅಷ್ಟು ಜನ ಒಟ್ಟಿಗೆ ನನ್ನನ್ನು ಹಾಗೆ ಯಾವತ್ತೂ ನೋಡಿರಲಿಲ್ಲ. ನನ್ನ ಗುಲಾಬಿಯನ್ನು ಮೆಚ್ಚಿದರು ಎಂದು ಬರೆದಿದ್ದೆನಲ್ಲ, ‘ನೀಟಾಗಿದೆ’ ಎಂದಿದ್ದರು, ಅಷ್ಟೇ.

ಹದಿನೈದು ವರ್ಷದಿಂದ ಕ್ಯಾಮೆರಾ ಹಿಡಿದಿದ್ದೇನೆ. ಪುಸ್ತಕ ತರಿಸಿ ಓದಿ, ಅಳತೆ ಬರೆದಿಟ್ಟು ಕಲಿತೆ. ನೀನು ನನ್ನ ಹಳೆಯ ಡಬ್ಬಿ ಹಿಡಿದು, ಮುಳ್ಳು ನೋಡುವ ಕನ್ನಡಿ ಅಂಟಿಸಿ, ಒಂದೇ ಮಳೆಗಾಲದಲ್ಲಿ ಮುಂದೆ ಹೋದೆ. ಸೀತಾಳೆ ನೋಡಿದ ದಿನವೇ ನನಗೆ ಅದು ತಿಳಿಯಿತು. ಅವತ್ತು ಮನೆಗೆ ಬಂದು ನನ್ನ ಡೇಲಿಯಾವನ್ನು ಒಲೆಗೆ ಹಾಕಿದೆ.

ನೀನು ಏನು ಮಾಡಿದ್ದೆ ಎಂದು ಕೇಳಿದೆ. ಏನೂ ಮಾಡಿರಲಿಲ್ಲ. ಅದಕ್ಕೇ ತಡೆಯಲಾಗಲಿಲ್ಲ.

ಈಗ ನಾನು ಏನು ಮಾಡಬೇಕು ಹೇಳು.

ವೇದಾವತಿ


ಶ್ರೀಮಂಗಲ
೧೨ ಮಾರ್ಚ್ ೧೯೫೫

ಅತ್ತಿಗೆ,

ಕೂಟದಲ್ಲಿ ನೀವೇ ಹೇಳಿ. ಪೂವಯ್ಯನವರ ಎದುರಿಗೆ, ಶಕುಂತಲಮ್ಮನವರ ಎದುರಿಗೆ. ನಾನು ಯಾರಿಗೂ ಬರೆಯುವುದಿಲ್ಲ, ನಿಮ್ಮ ತಮ್ಮನೂ ಬರೆಯುವುದಿಲ್ಲ.

ಇನ್ನೊಂದು. ನನ್ನ ಚಿತ್ರಗಳನ್ನು ನೋಡಿ ಅವರು ನಿಜವಾಗಿ ಏನೇನು ಹೇಳಿದ್ದರೋ ಅದೆಲ್ಲ ನನಗೆ ಬೇಕು.

ಮನೋರಮಾ


ಮಡಿಕೇರಿ
೧೮ ಏಪ್ರಿಲ್ ೧೯೫೫

ಮನೋರಮಾ,

ನಿನ್ನೆ ಹೇಳಿದೆ.

ಎಲ್ಲರೂ ಬರುವ ತನಕ ಕಾದು, ಎದ್ದು ನಿಂತು ಹೇಳಿದೆ. ಪೂವಯ್ಯನವರು ಕೋಪಿಸಿಕೊಳ್ಳಲಿಲ್ಲ. ‘ಆ ಹುಡುಗಿ ನನಗೆ ಕಾಫಿ ಕೊಟ್ಟಳಲ್ಲ, ಎದುರಿಗೇ ನಿಂತಿದ್ದಳಲ್ಲ’ ಎಂದು ಅದನ್ನೇ ಮತ್ತೆ ಮತ್ತೆ ಹೇಳಿದರು. ಶಕುಂತಲಮ್ಮ ನನ್ನ ಲೋಟ ಎತ್ತಿಕೊಂಡು ಒಳಗೆ ಹೋದವರು ನಾನು ಹೊರಡುವವರೆಗೂ ಹೊರಗೆ ಬರಲಿಲ್ಲ. ಪ್ರದರ್ಶನದವರಿಗೆ ಬರೆದು ಬಹುಮಾನವನ್ನು ನಿನ್ನ ಹೆಸರಿಗೆ ಮಾಡಿಸುತ್ತಾರೆ. ನಾನು ಇನ್ನು ಅಲ್ಲಿಗೆ ಹೋಗುವುದಿಲ್ಲ.

ನೀನು ಕೇಳಿದ್ದು. ಸೀತಾಳೆಯ ದಿನ ಪೂವಯ್ಯನವರು ಹೇಳಿದ್ದು ನಿನಗೆ ಈಗಾಗಲೇ ಗೊತ್ತು. ‘ಇವಳಿಗೆ ಅವಸರವಿಲ್ಲ, ಹೂವಿಗಾಗಿ ಕಾಯುತ್ತಾಳೆ’ ಎಂದರು ಶಕುಂತಲಮ್ಮ. ಮೊದಲನೆಯ ತೋಕ್ ಪೂ ಬೂದಿಯಾಗಿದೆ ಎಂದದ್ದು ನಾನೊಬ್ಬಳೇ. ಉಳಿದವರು ಚೆನ್ನಾಗಿದೆ ಎಂದಿದ್ದರು. ಕಣ್ಣು ಹುಟ್ಟಿನಿಂದ ಬರುತ್ತದೆ ಎಂಬ ಮಾತು ನಿಜವಾಗಿ ಬಂದಿತ್ತು. ಅದು ನಿನ್ನನ್ನು ಹಳಿಯಲು ಅಲ್ಲ, ನಿನ್ನ ಪರವಾಗಿ. ಪ್ರದರ್ಶನಕ್ಕೆ ನಿನ್ನ ಚಿತ್ರ ಕೇಳಿದವರು ಕೂಟದವರು, ಬೇಡ ಎಂದವಳು ನಾನು.

ಇಷ್ಟೇ. ಏನನ್ನೂ ಬಿಟ್ಟಿಲ್ಲ.

ವೇದಾವತಿ


ಶ್ರೀಮಂಗಲ
೩ ಸೆಪ್ಟೆಂಬರ್ ೧೯೫೬

ಅತ್ತಿಗೆಗೆ,

ಒಂದೂವರೆ ವರ್ಷದ ಮೇಲೆ ಬರೆಯುತ್ತಿದ್ದೇನೆ. ಭಾವನವರಿಗೆ ಫ್ರೇಸರ್‌ಪೇಟೆಗೆ ವರ್ಗವಾಯಿತು, ನೀವೂ ಅಲ್ಲಿಯ ಶಾಲೆಗೆ ಹೋದಿರಿ ಎಂದು ಇವರು ಹೇಳಿದರು. ಇವರು ನಿಮಗೆ ಬರೆಯುವುದಿಲ್ಲ. ಆದರೆ ನಿಮ್ಮ ಊರಿನ ಕಡೆಯಿಂದ ಯಾರಾದರೂ ಬಂದರೆ ನಿಮ್ಮ ಕ್ಷೇಮ ಕೇಳದೆ ಬಿಡುವುದಿಲ್ಲ.

ನಾನು ಎರಡು ತಿಂಗಳಿಗೊಮ್ಮೆ ಕೂಟಕ್ಕೆ ಹೋಗುತ್ತೇನೆ. ರಾತ್ರಿ ಶಕುಂತಲಮ್ಮನವರ ಮನೆಯಲ್ಲಿ ಉಳಿದು ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ. ನಾನು ಏನು ಒಯ್ದರೂ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ಆದ ಅನ್ಯಾಯವನ್ನು ಸರಿಮಾಡುವ ಹಾಗೆ ಹೊಗಳುತ್ತಾರೆ. ಮೊದಮೊದಲು ಹಿತವಾಗಿತ್ತು. ಈಗ ಒಂದು ವರ್ಷದಿಂದ ನಾನು ಇದ್ದಲ್ಲೇ ಇದ್ದೇನೆ ಅನ್ನಿಸುತ್ತಿದೆ. ಏನು ತಪ್ಪಾಗಿದೆ ಎಂದು ಯಾರೂ ಹೇಳುವುದಿಲ್ಲ, ನನಗೂ ಕಾಣುವುದಿಲ್ಲ.

ಬೂದಿ ಎಂದು ಬರೆದವರು ನೀವು. ಆ ಮಾತಿಲ್ಲದಿದ್ದರೆ ನಾನು ಕೊಡೆ ಬಿಚ್ಚುತ್ತಿರಲಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು, ಈಗಲೂ ಸಂತೋಷದಿಂದ ಬರೆಯುತ್ತಿಲ್ಲ. ಒಂದು ಚಿತ್ರ ಕಳಿಸಿದ್ದೇನೆ. ಗದ್ದೆ ಬದುವಿನಲ್ಲಿ ಬೆಳೆಯುವ ಕರ್ಣಕುಂಡಲ. ನೋಡಿ ಹೇಳಿ. ಕೂಟದವರ ಹೆಸರು ಬೇಡ, ನಿಮ್ಮದೇ ಮಾತು ಬರೆಯಿರಿ.

ಮನೋರಮಾ


ಫ್ರೇಸರ್‌ಪೇಟೆ
೭ ಅಕ್ಟೋಬರ್ ೧೯೫೬

ಮನೋರಮಾ,

ನಿನ್ನ ಕಾಗದವನ್ನು ಒಡೆಯದೆ ಎರಡು ದಿನ ಇಟ್ಟಿದ್ದೆ. ಬೈದಿರುತ್ತೀ ಎಂದುಕೊಂಡಿದ್ದೆ.

ಚಿತ್ರ ನೋಡಿದೆ. ಹೊಟ್ಟೆ ಉರಿಯಿತು. ಅದೇನೂ ಹೋಗಿಲ್ಲ, ಹೋಗಿದೆ ಎಂದು ಬರೆದರೆ ಮತ್ತೆ ಸುಳ್ಳಾಗುತ್ತದೆ. ಹನಿ ನಿಂತ ಆ ಎಸಳನ್ನು ತೆಗೆಯಲು ನನಗೆ ಈ ಜನ್ಮದಲ್ಲಿ ಆಗದು. ಆದರೆ ನೀನು ಕೇಳಿದ್ದು ತಪ್ಪನ್ನು.

ನಿನಗೆ ಕೊಡೆಯ ಚಟ ಹಿಡಿದಿದೆ. ತೋಕ್ ಪೂವಿಗೆ ಕಪ್ಪು ಬೇಕಿತ್ತು, ಅದು ಉರಿಯುವ ಹೂ. ಕರ್ಣಕುಂಡಲ ನೀರಿನ ಹೂ. ಕೆಸರು, ಹುಲ್ಲು, ಗದ್ದೆಯ ಬೆಳಕು, ಇದೆಲ್ಲ ಅದರ ಮನೆ. ನೀನು ಹಿಂದೆ ಕೊಡೆ ಹಿಡಿಸಿ ಅದನ್ನು ಸ್ಟುಡಿಯೋದಲ್ಲಿ ಕೂರಿಸಿದ ಮದುಮಗಳ ಹಾಗೆ ಮಾಡಿದ್ದೀ. ಪೂವಯ್ಯನವರು ಚೆನ್ನಾಗಿದೆ ಎನ್ನಲಿ ಎಂದೇ ತೆಗೆದ ಚಿತ್ರ ಇದು. ಅವರು ಎಂದಿದ್ದಾರೆ, ಮುಗಿಯಿತು.

ಇಲ್ಲಿಯವರ ಬಾಯಲ್ಲಿ ಈ ಊರು ಕುಶಾಲನಗರವೇ. ಹಾಸನದ ಕಡೆಯಿಂದ ಬಂದು ನೆಲೆಸಿದ ಒಕ್ಕಲುಗಳು ಸುತ್ತ ಇದ್ದಾರೆ. ಪಕ್ಕದ ರಂಗಮ್ಮನ ತಿಪ್ಪೆಯ ಮೇಲೆ ಕುಂಬಳದ ಬಳ್ಳಿ ಹಬ್ಬಿದೆ. ಬೆಳಿಗ್ಗೆ ಅವಳು ಗಂಡು ಹೂಗಳನ್ನು ಪಲ್ಯಕ್ಕೆ ಕೀಳುತ್ತಾಳೆ. ಬಹಳ ದಿನ ಕ್ಯಾಮೆರಾ ಮುಟ್ಟಿರಲಿಲ್ಲ. ಒಂದು ದಿನ ಅವಳು ಹೂ ಕೀಳುವಾಗಲೇ ಅಳತೆ ಏನೂ ನೋಡದೆ ತೆಗೆದುಬಿಟ್ಟೆ. ನಿನ್ನ ಹತ್ತಿರ ಇರಲಿ ಎಂದು ಕಳಿಸಿದ್ದೇನೆ. ಇದರಲ್ಲಿ ಏನು ತಪ್ಪಿದೆ ಬರೆ. ಇಲ್ಲಿ ನನ್ನದನ್ನು ನೋಡುವವರು ಯಾರೂ ಇಲ್ಲ.

ರಾಮು ಚೆನ್ನಾಗಿದ್ದಾನೆಯೆ?

ವೇದಾವತಿ


ಶ್ರೀಮಂಗಲ
೩೦ ಅಕ್ಟೋಬರ್ ೧೯೫೬

ಅತ್ತಿಗೆಯವರಿಗೆ ನಮಸ್ಕಾರಗಳು.

ಕೊಡೆಯ ಬಗ್ಗೆ ನೀವು ಬರೆದದ್ದನ್ನು ಓದಿ ಸಿಟ್ಟು ಬಂತು. ಮಾರನೆಯ ದಿನ ಬರಿಗೈಯಲ್ಲಿ ಗದ್ದೆಗೆ ಹೋಗಿ ಬದುವಿನ ಮೇಲೆ ಕುಳಿತು ನೋಡಿದೆ. ನೀವು ಹೇಳಿದ್ದು ಸರಿ.

ಈ ಕಾಗದಕ್ಕೆ ಮುಂಚೆ ಇನ್ನೊಂದು ಬರೆದಿದ್ದೆ. ಅದರಲ್ಲಿ ನಿಮ್ಮ ಚಿತ್ರದ ತಪ್ಪುಗಳನ್ನು ಹೇಳಿದ್ದೆ. ರಂಗಮ್ಮನ ಕೈ ಅಲುಗಿ ಮಸುಕಾಗಿದೆ, ಹೂ ನಡುವಿನಲ್ಲಿ ಇಲ್ಲ, ಹಿಂದೆ ತಿಪ್ಪೆ ಕಾಣುತ್ತದೆ. ಬರೆಯುವಾಗಲೇ ನನಗೆ ಗೊತ್ತಿತ್ತು. ಕೈ ಅಲುಗಿದ್ದರಿಂದಲೇ ಆ ಹೂ ಅಷ್ಟು ನಿಶ್ಚಲವಾಗಿ ನಿಂತಿದೆ. ಇನ್ನೊಂದು ಕ್ಷಣಕ್ಕೆ ಅದು ಬಳ್ಳಿಯಲ್ಲಿ ಇರುವುದಿಲ್ಲ ಎಂದು ನೋಡಿದವರಿಗೆ ತಿಳಿಯುತ್ತದೆ. ಅಂಥದ್ದನ್ನು ನಾನು ಈವರೆಗೆ ತೆಗೆದಿಲ್ಲ. ಗೊತ್ತಿದ್ದೂ ಬರೆದೆ, ಲಕೋಟೆಗೆ ಹಾಕಿ ಅಂಟಿಸಿದೆ. ಇವರು ನಿಮ್ಮ ಚಿತ್ರವನ್ನು ಮೇಜಿನ ಮೇಲೆ ನೋಡಿದರು. ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡು, ‘ಅಕ್ಕ ತೆಗೆದದ್ದಾ?’ ಎಂದರು. ಆಮೇಲೆ ಆ ಲಕೋಟೆಯನ್ನು ಹರಿದೆ.

ಮೊನ್ನೆ ಭಾನುವಾರ ನನ್ನ ಚಿತ್ರಗಳನ್ನು ಇಲ್ಲಿಯೇ ಬಿಟ್ಟು ನಿಮ್ಮದೊಂದನ್ನೇ ಕೂಟಕ್ಕೆ ಒಯ್ದೆ. ಅಲ್ಲಿ ಎಲ್ಲರೂ ನಾಡಿದ್ದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಯಾವ ಕಚೇರಿ ಎಲ್ಲಿಗೆ ಹೋಗುತ್ತದೆ ಎಂದು ಮಾತಾಡುತ್ತಿದ್ದರು. ಚಿತ್ರವನ್ನು ನಡುವೆ ಇಟ್ಟೆ. ‘ಇದು ನನ್ನದಲ್ಲ, ವೇದಾವತಿ ಅತ್ತಿಗೆಯದು’ ಎಂದು ಮೊದಲೇ ಹೇಳಿದೆ. ಶಕುಂತಲಮ್ಮ ಮುಟ್ಟಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕನ್ನಡಕ ಹಾಕಿಕೊಂಡು ಎತ್ತಿಕೊಂಡರು. ‘ಇದರಲ್ಲಿ ವೇದಾವತಿ ಯಾರಿಗೂ ಏನನ್ನೂ ತೋರಿಸಲು ಹೋಗಿಲ್ಲ’ ಎಂದರು. ಮತ್ತೆ, ‘ಮುಂದಿನ ಸಲ ಅವಳೇ ತರಲಿ’ ಎಂದರು. ಉಳಿದವರು ಬೆಳಕಿನ ಬಗ್ಗೆ ಮಾತಾಡಿದರು, ಕೆಳಗಿನ ಎಲೆ ಇಲ್ಲದಿದ್ದರೆ ಚೆನ್ನಾಗಿತ್ತು ಎಂದರು. ಆ ಎಲೆಯ ಮಾತು ನಿಜ.

ಹೊರಡುವಾಗ ಪೂವಯ್ಯನವರು ಜಗುಲಿಯಲ್ಲಿ ನನಗೊಬ್ಬಳಿಗೇ ಇನ್ನೊಂದು ಮಾತು ಹೇಳಿದರು. ಬೇರೆ ಯಾರೂ ಕೇಳಿಸಿಕೊಂಡಿಲ್ಲ, ನಾನು ಬರೆಯದಿದ್ದರೆ ನಿಮಗೆ ತಿಳಿಯುವುದೂ ಇಲ್ಲ. ಬಿಟ್ಟುಬಿಡೋಣ ಎಂದೇ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಂದುಕೊಂಡು ಬಂದೆ.

‘ನಿಮ್ಮ ತೋಕ್ ಪೂಗಿಂತ ಇದು ಮೇಲಮ್ಮಾ’ ಎಂದರು.

ಹೌದು, ಮೇಲು.

ನಿಮ್ಮ
ಮನೋರಮಾ